ದಹಿಸರಿನ ಕಟ್ಟು

ಫೋರ್ಟ್, ಮುಂಬಯಿ
ಗುರುವಾರ, ೧೪ ನವೆಂಬರ್ ೧೯೯೧

ರಮಾಮಣಿ ಅಕ್ಕನಿಗೆ ಶಾಮಲಾಳ ನಮಸ್ಕಾರ.

ಇವತ್ತು ಬೆಳಿಗ್ಗೆ ರಿಬ್ಬನ್ ಬದಲಾಯಿಸಲು ಪ್ರಿಂಟರಿನ ಮುಚ್ಚಳ ತೆಗೆದಾಗ ಒಳಗಿನ ರೋಲರಿಗೆ ಒಂದು ಉದ್ದ ಕೂದಲು ಸುತ್ತಿಕೊಂಡಿರುವುದು ಕಂಡಿತು. ಬುಡದಲ್ಲಿ ಬಿಳಿ, ತುದಿಯಲ್ಲಿ ಮೆಹೆಂದಿಯ ಕೆಂಪು. ನಮ್ಮ ಆಫೀಸಿನಲ್ಲಿ ಅಂಥ ಕೂದಲು ನಿಮ್ಮದೊಂದೇ. ಕಾಗದ ಸಿಕ್ಕಿಕೊಂಡಾಗಲೆಲ್ಲ ನೀವು ಯಂತ್ರದ ಮೇಲೆ ಪೂರ್ತಿ ಬಗ್ಗಿ, “ಬಾರಪ್ಪ ಹೊರಗೆ, ಯಾರೂ ಹೊಡೆಯಲ್ಲ ಬಾ” ಎಂದು ಅದನ್ನು ರಮಿಸುತ್ತಿದ್ದಿರಿ. ನೀವು ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತು. ಅಷ್ಟು ದಿನವೂ ಆ ಕೂದಲು ಅಲ್ಲೇ ತಿರುಗುತ್ತಿತ್ತು. ನಾನು ಪ್ರತಿ ಶುಕ್ರವಾರ ಅದರ ಮೇಲೆಯೇ ಕಾರ್ಡುಗಳನ್ನು ಓಡಿಸುತ್ತಿದ್ದೆ. ಬಿಡಿಸಿ ತೆಗೆದು, ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟೆ. ಫ್ಯಾನಿನ ಗಾಳಿಗೆ ಎಲ್ಲಿಗೋ ಹೋಯಿತು.

ಸ್ವಲ್ಪ ಹೊತ್ತಿಗೆ ಸತ್ಯಮೂರ್ತಿಯವರು ಬಂದು ನನ್ನ ಮುಂದೆ ಒಂದು ಕರಡು ಇಟ್ಟರು. ನೀವು ಅರ್ಜಿ ಹಾಕಿರುವ ಆಸ್ಪತ್ರೆಯವರು ನಿಮ್ಮ ಬಗ್ಗೆ ವಿಚಾರಿಸಿ ನಮ್ಮ ಟ್ರಸ್ಟಿಗೆ ಬರೆದಿದ್ದಾರಂತೆ, ಅದಕ್ಕೆ ಉತ್ತರ. ನಿಮ್ಮ ನಡತೆಯ ಬಗ್ಗೆ ಒಳ್ಳೆಯ ಒಂದು ಸಾಲು. ಆಮೇಲೆ, ನೀವು ಬರೆದ ಪ್ರೋಗ್ರಾಮಿನ ದೋಷದಿಂದ ದಹಿಸರ್ ಕೇಂದ್ರದ ರೋಗಿಗಳಿಗೆ ಹಾನಿಯಾಯಿತೆಂದೂ, ಜವಾಬ್ದಾರಿಯ ಕೆಲಸ ಕೊಡುವ ಮುನ್ನ ಯೋಚಿಸಬೇಕೆಂದೂ ಎರಡು ಸಾಲು. “ಸುಳ್ಳೇನೂ ಇಲ್ಲ ನೋಡಮ್ಮ ಇದರಲ್ಲಿ. ನಾಳೆ ಚೇರ್ಮನ್ ಬರ್ತಾರೆ, ಸೈನ್ ಮಾಡಿಸಿಬಿಡೋಣ. ನೀಟಾಗಿ ಟೈಪ್ ಮಾಡಿ ಕೊಡು,” ಎಂದರು.

ಸಂಜೆ ಆರರವರೆಗೂ ನಾನು ಅದನ್ನು ಟೈಪ್ ಮಾಡಲಿಲ್ಲ. ಈಗ ನಾವಿಬ್ಬರೂ ಕಾಫಿ ಕುಡಿಯುತ್ತಿದ್ದ ಉಡುಪಿ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಬೇಸರಪಡಬೇಡಿ. ಮೊದಲಿನಿಂದ ಹೇಳಿಕೊಂಡು ಬಂದರೆ ಮಾತ್ರ ನಡುವೆ ತಪ್ಪಿಸಿಕೊಳ್ಳಲು ನನಗೆ ಜಾಗ ಸಿಗುವುದಿಲ್ಲ.

ನಾನು ನಿಮ್ಮ ಹತ್ತಿರ ಬಂದದ್ದು ಎರಡು ವರ್ಷದ ಹಿಂದೆ, ವಿಳಾಸ ಬರೆಯುವ ಕೆಲಸಕ್ಕೆ. ಕ್ಷಯರೋಗಿಗಳಿಗೆ ಪುಕ್ಕಟೆ ಔಷಧ ಕೊಡುವ ಟ್ರಸ್ಟಿನಲ್ಲಿ ಕನ್ನಡ ಎಂ.ಎ. ಮಾಡಿದವಳಿಗೆ ಏನು ಕೆಲಸ ಎಂದು ಬೊರಿವಲಿಯ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಓದುವಾಗ ನಾನು ನಮ್ಮ ಮೇಷ್ಟ್ರಿಗಾಗಿ ಒಂದು ಹಳಗನ್ನಡ ಕಾವ್ಯಕ್ಕೆ ಪದಸೂಚಿ ಮಾಡಿಕೊಟ್ಟಿದ್ದೆ. ಯಾವ ಪದ ಯಾವ ಪದ್ಯದಲ್ಲಿ ಎಷ್ಟು ಸಲ ಬಂದಿದೆ ಎಂದು ಚೀಟಿಗಳಲ್ಲಿ ಬರೆದು ಜೋಡಿಸುವ ಕೆಲಸ. ಅದನ್ನು ಕೇಳಿ ನೀವೊಬ್ಬರೇ ನಗಲಿಲ್ಲ. “ಹಾಗಾದ್ರೆ ನಿನಗೆ ಕಂಪ್ಯೂಟರ್ ಬರತ್ತೆ ಕಣೇ, ಇನ್ನೂ ಗೊತ್ತಾಗಿಲ್ಲ ಅಷ್ಟೆ,” ಎಂದಿರಿ. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚುತ್ತಲೇ ಡಿಬೇಸ್ ಎಂಬ ಕಂಪ್ಯೂಟರ್ ಭಾಷೆ ಕಲಿಸಿದಿರಿ. ನನ್ನ ಪ್ರೋಗ್ರಾಮ್ ಸುತ್ತಿದ್ದಲ್ಲೇ ಸುತ್ತುತ್ತಿದ್ದರೆ, “ನಿನ್ನ ಕವಿಗಳ ಸಹವಾಸ ಇದು. ಹದಿನೆಂಟು ಪದ್ಯ ವರ್ಣನೆ ಮುಗಿಯೋ ತನಕ ರಾಜ ಕುದುರೆ ಇಳಿಯೋ ಹಾಗಿಲ್ಲ!” ಎಂದು ರೇಗಿಸುತ್ತಿದ್ದಿರಿ.

ನಿಮ್ಮ ಪ್ರೋಗ್ರಾಮುಗಳನ್ನು ನಾನು ಓದಿದ್ದು ಕತೆ ಓದುವ ಹಾಗೆ. ಇಂಗ್ಲಿಷ್ ಅಕ್ಷರಗಳಲ್ಲಿ ನೀವು ಇಟ್ಟ ಕನ್ನಡ ಹೆಸರುಗಳು. ಒಂದೊಂದು ಕೇಂದ್ರದ ರೋಗಿಗಳ ಪಟ್ಟಿಗೆ ಗೂಡು ಎಂದು ಹೆಸರು. ಬೊರಿವಲಿಗೊಂದು ಗೂಡು, ಪರೇಲಿಗೊಂದು ಗೂಡು. ಔಷಧದ ದಿನ ತಪ್ಪಿಸಿದವನು ಕಳ್ಳ. ಅವನಿಗೆ ಹೋಗುವ ಪೋಸ್ಟ್‌ಕಾರ್ಡು ಓಲೆ. ಪ್ರತಿ ಶುಕ್ರವಾರ ಕಂಪ್ಯೂಟರು ಗೂಡುಗೂಡಿಗೆ ಹೋಗಿ ಕಳ್ಳರನ್ನು ಹುಡುಕಿ ಓಲೆ ಅಚ್ಚು ಹಾಕಬೇಕು. ನಾವು ಮೂಲೆಯಲ್ಲಿ ಕೆಂಪು ಮುದ್ರೆಯೊತ್ತಿ, ಕೇಂದ್ರಕ್ಕೊಂದರಂತೆ ಕಟ್ಟು ಕಟ್ಟಿ, ಮನೆಗೆ ಹೋಗುವ ದಾರಿಯಲ್ಲಿ ಪೋಸ್ಟ್ ಆಫೀಸಿಗೆ ಕೊಡಬೇಕು. ಏಳು ಕೇಂದ್ರ, ಏಳು ಕಟ್ಟು. ಅವುಗಳಲ್ಲಿ ದಹಿಸರಿನದು ಯಾವಾಗಲೂ ದಪ್ಪ. ಅಲ್ಲಿಯವರು ಹೆಚ್ಚಿನವರು ಕಟ್ಟಡದ ಕೆಲಸದವರು, ನಮ್ಮ ಬಿಜಾಪುರ, ಗುಲ್ಬರ್ಗದ ಕಡೆಯವರು. ತಾರೀಕು ನೋಡುವ ಅಭ್ಯಾಸವಿಲ್ಲ. ಕೆಂಪು ಮುದ್ರೆಯ ಕಾರ್ಡು ಬಂದಾಗ ಔಷಧಕ್ಕೆ ಹೊರಡುತ್ತಿದ್ದರು. “ಇವರಿಗೆ ಕ್ಯಾಲೆಂಡರ್ ನಾವೇ ಕಣೇ,” ಎನ್ನುತ್ತಿದ್ದಿರಿ ನೀವು, ಆ ಕಟ್ಟನ್ನು ಕೈಯಲ್ಲಿ ತೂಗಿ ನೋಡುತ್ತ.

ಕಳೆದ ಚಳಿಗಾಲದಲ್ಲಿ ಸತ್ಯಮೂರ್ತಿಯವರು ಬೆಂಗಳೂರಿನಿಂದ ಮ್ಯಾನೇಜರ್ ಆಗಿ ಬಂದರು. ಒಳ್ಳೆಯ ಮಾತು, ಒಗೆದು ಗಂಜಿ ಹಾಕಿದ ಶರ್ಟು. ಗೂಡು, ಕಳ್ಳ, ಓಲೆ ಎಲ್ಲ ಕಂಡು ತಲೆ ಚಚ್ಚಿಕೊಂಡರು. “ರಮಾಮಣಿಯವ್ರೇ, ನಾಳೆ ನೀವು ರಿಟೈರ್ ಆದ್ರೆ ಇದನ್ನ ಓದೋಕೆ ನಿಮ್ಮ ಅಜ್ಜೀನ ಕರೆಸಬೇಕಾ?” ಎಂದರು. “ಅಜ್ಜಿ ಇದ್ದಿದ್ರೆ ಇನ್ನೂ ಚೆನ್ನಾಗಿ ಬರೀತಿದ್ರು ಸಾರ್,” ಎಂದಿರಿ ನೀವು. ಆದರೂ ಅವರ ಮಾತಿನಲ್ಲಿ ನ್ಯಾಯವಿದೆ ಎಂದು ಒಪ್ಪಿದಿರಿ. ಎಲ್ಲ ಹೆಸರುಗಳನ್ನೂ ಇಂಗ್ಲಿಷಿಗೆ, ಒಂದೇ ಕ್ರಮಕ್ಕೆ ತರಬೇಕು ಎಂದು ತೀರ್ಮಾನವಾಯಿತು. ಕೈಯಿಂದ ತಿದ್ದಿದರೆ ಒಂದೂವರೆ ತಿಂಗಳ ಕೆಲಸ.

ಆಗ ನನಗೆ ಪದಸೂಚಿ ನೆನಪಾಯಿತು. ಪ್ರೋಗ್ರಾಮೂ ಒಂದು ಬರಹವೇ ತಾನೆ? ಅದನ್ನು ಸಾಲುಸಾಲಾಗಿ ಓದಿ, ಪ್ರತಿಯೊಂದು ಹೆಸರನ್ನೂ ಹುಡುಕಿ, ಹಳೆಯದನ್ನು ತೆಗೆದು ಹೊಸದನ್ನಿಡುವ ಇನ್ನೊಂದು ಪ್ರೋಗ್ರಾಮನ್ನು ಬರೆದರೆ? ಹದಿನೈದು ದಿನ ಕೂತು ಬರೆದೆ. ನೀವು ನೋಡಿ ಬೆನ್ನು ತಟ್ಟಿದಿರಿ. ಅಷ್ಟರಲ್ಲಿ ನಿಮ್ಮ ಅಮ್ಮನ ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೊರಡಬೇಕಾಯಿತು. ಹೊರಡುವ ಸಂಜೆ ಚರ್ಚ್‌ಗೇಟಿನಲ್ಲಿ, ಲೋಕಲ್ ಬರುವ ಗದ್ದಲದಲ್ಲಿ, ನೀವು ಹೇಳಿದ್ದು ಅಕ್ಷರಶಃ ನೆನಪಿದೆ: “ನಾನು ಬರೋ ತನಕ ಓಡಿಸಬೇಡ ಶಾಮಲಾ. ಕೆಲವು ಹೆಸರು ನಿನ್ನ ಕಣ್ಣಿಗೆ ಬೀಳಲ್ಲ. ದಹಿಸರಿಂದು ನಾನು ಬೇರೆ ಥರ ಬರೆದಿದೀನಿ. ಬಂದು ಜೊತೆಯಲ್ಲಿ ಕೂತು ನೋಡೋಣ.”

ಮೂರು ವಾರ ಕಾಯಬೇಕಿತ್ತು. ಒಂದು ವಾರ ಕಾದೆ. ಸತ್ಯಮೂರ್ತಿಯವರು ದಿನವೂ ಬಂದು, “ಏನಮ್ಮ, ನಿನ್ನ ಮೆಷೀನು ಎಲ್ಲಿಗೆ ಬಂತು? ಟ್ರಸ್ಟಿಗಳಿಗೆ ಹೇಳಿದೀನಿ, ಲಿಟರೇಚರ್ ಹುಡುಗಿ ಮಾಡಿರೋದು ಅಂತ,” ಎನ್ನುತ್ತಿದ್ದರು. ನನ್ನ ಬಗ್ಗೆ ಯಾರೋ ಯಾರಿಗೋ ಹೆಮ್ಮೆಯಿಂದ ಹೇಳಿದ್ದು ಅದೇ ಮೊದಲು. ನೀವು ಕಾಯಲು ಹೇಳಿದ್ದೀರಿ ಎಂದು ಅವರಿಗೆ ಹೇಳಲೇ ಇಲ್ಲ. ಮಾರ್ಚ್ ಎಂಟು, ಶುಕ್ರವಾರ ಬೆಳಿಗ್ಗೆ ಓಡಿಸಿದೆ. ನಲವತ್ತು ನಿಮಿಷದಲ್ಲಿ ಗೂಡುಗಳೆಲ್ಲ ಹೋದವು, ಕಳ್ಳರು ಹೋದರು, ಓಲೆ ಹೋಯಿತು. ಡಿಸ್ಕಿನ ಮೇಲಿದ್ದ ಏಳು ಪಟ್ಟಿಗಳಿಗೂ ಹೊಸ ಹೆಸರು ಬಂತು. ಮಧ್ಯಾಹ್ನ ಕಾರ್ಡುಗಳೂ ಅಚ್ಚಾಗಿ ಬಂದವು. ಸತ್ಯಮೂರ್ತಿಯವರು ಆಫೀಸಿಗೆಲ್ಲ ಪೇಡ ತರಿಸಿದರು.

ತಪ್ಪು ಎಲ್ಲಿತ್ತೆಂದು ಆಮೇಲೆ ನಿಮ್ಮ ಹಳೆಯ ಸಾಲುಗಳನ್ನು ಓದಿ ತಿಳಿದುಕೊಂಡೆ. ಮೊದಲಿನ ಆರು ಕೇಂದ್ರಗಳಿಗೆ ನೀವು ಒಂದೊಂದರ ಹೆಸರನ್ನೂ ಪೂರ್ತಿ ಬರೆದು, ಅವೇ ನಲವತ್ತು ಸಾಲುಗಳನ್ನು ಆರು ಸಲ ಬರೆದಿದ್ದಿರಿ. ದಹಿಸರ್ ಕೇಂದ್ರ ತೆರೆಯುವ ಹೊತ್ತಿಗೆ ನಿಮ್ಮ ಕೈ ಪಳಗಿತ್ತು. ಏಳನೆಯ ಸಲ ಬರೆಯದೆ, ಗೂಡು ಎಂಬ ತುಂಡನ್ನು ಒಂದು ಕಡೆ, ಕೇಂದ್ರದ ಗುರುತನ್ನು ಇನ್ನೊಂದು ಕಡೆ ಇಟ್ಟು, ಓಡುವಾಗ ಎರಡನ್ನೂ ಜೋಡಿಸಿ ಆ ಹೆಸರಿನ ಪಟ್ಟಿಯನ್ನು ತೆರೆಯುವ ಹಾಗೆ ಮಾಡಿದಿರಿ. ಮುಂದೆ ಎಷ್ಟು ಕೇಂದ್ರ ಬಂದರೂ ಅದೊಂದೇ ಸಾಕಾಗುತ್ತಿತ್ತು. ಹೊಸ ಕೇಂದ್ರದ ಗುರುತು ಸೇರಿದ್ದರೂ ಅದರ ಪಟ್ಟಿ ಇನ್ನೂ ತಯಾರಾಗಿಲ್ಲದಿದ್ದರೆ ಯಂತ್ರ ನಿಂತುಬಿಡಬಾರದೆಂದು, ಆ ಹೆಸರಿನದು ಸಿಗದಿದ್ದರೆ ಸುಮ್ಮನೆ ಮುಂದೆ ಹೋಗು ಎಂದೂ ಬರೆದಿದ್ದಿರಿ. ನನ್ನ ಪ್ರೋಗ್ರಾಮು ಆ ಸಾಲುಗಳಲ್ಲಿ ಪೂರ್ತಿ ಬರೆದ ಹೆಸರುಗಳನ್ನು ಮಾತ್ರ ಹುಡುಕಬಲ್ಲದು. ದಹಿಸರಿನ ಹೆಸರು ಅಲ್ಲಿ ಎಲ್ಲೂ ಪೂರ್ತಿಯಾಗಿ ಇರಲಿಲ್ಲ. ಓಡುವಾಗ ಹುಟ್ಟಿ, ಓಡಿ ಮುಗಿದಾಗ ಹೋಗುವ ಹೆಸರು ಅದು. ಪಟ್ಟಿಗೆ ಹೊಸ ಹೆಸರು ಬಂದಿತ್ತು, ಕರೆಯುವವರು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಯಾರೂ ಓಗೊಡಲಿಲ್ಲ. ಯಂತ್ರ ಸುಮ್ಮನೆ ಮುಂದೆ ಹೋಯಿತು. ನೀವು ಬರೆದದ್ದರಲ್ಲೆಲ್ಲ ಅತ್ಯಂತ ಚೆನ್ನಾಗಿದ್ದ ಭಾಗ ಅದು, ಅಕ್ಕ. ಕೆಟ್ಟದ್ದೂ ಅದೇ.

ಇಷ್ಟು ನಿಮಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ.

ಆ ಮೊದಲ ಶುಕ್ರವಾರ ಸಂಜೆ ಕಟ್ಟು ಕಟ್ಟುವಾಗ ಏಳು ರಬ್ಬರ್ ಬ್ಯಾಂಡು ತೆಗೆದಿಟ್ಟುಕೊಂಡಿದ್ದೆ. ಆರು ಕಟ್ಟಾದ ಮೇಲೆ ಮೇಜಿನ ಮೇಲೆ ಒಂದು ರಬ್ಬರ್ ಬ್ಯಾಂಡು ಉಳಿಯಿತು. ನಾನು ಅದನ್ನು ನೋಡಿದೆ. ಯಾವ ಕಟ್ಟು ಇಲ್ಲವೆಂದು ಆ ಕ್ಷಣವೇ ತಿಳಿಯಿತು. ಈ ವಾರ ದಹಿಸರಿನವರು ಯಾರೂ ದಿನ ತಪ್ಪಿಸಿಲ್ಲವೇನೋ ಎಂದು ನನಗೆ ನಾನೇ ಹೇಳಿಕೊಂಡೆ. ದಹಿಸರಿನಲ್ಲಿ ಅಂಥ ವಾರ ಇರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಪರದೆಯ ಮೇಲೆ ಒಂದು ಸಲ ತೆರೆದು ನೋಡಿದ್ದರೆ ಸಾಕಿತ್ತು. ಪಕ್ಕದ ಕೋಣೆಯಲ್ಲಿ ಪೇಡ ಹಂಚುತ್ತಿದ್ದರು, ನನ್ನ ಹೆಸರು ಹೇಳಿ ನಗುತ್ತಿದ್ದರು. ನಾನು ಆ ರಬ್ಬರ್ ಬ್ಯಾಂಡನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ಮುಂದಿನ ವಾರದಿಂದ ಆರನ್ನೇ ತೆಗೆದಿಟ್ಟುಕೊಳ್ಳತೊಡಗಿದೆ.

ನೀವು ಮೈಸೂರಿನಿಂದ ಬರುವಷ್ಟರಲ್ಲಿ ಕಾರ್ಡಿನ ಕೆಲಸ ನನ್ನದೆಂದೂ, ನೀವು ಪರೇಲ್ ಕೇಂದ್ರದ ಹುಡುಗಿಯರಿಗೆ ಟೈಪಿಂಗ್ ಕಲಿಸಬೇಕೆಂದೂ ಆಗಿಹೋಗಿತ್ತು. ಬಂದ ದಿನ ನೀವು ಬೈಯಲಿಲ್ಲ. ಮೆಟ್ಟಿಲಿನ ಹತ್ತಿರ ನಿಂತು, “ಓಡಿಸಿಬಿಟ್ಟೆಯಂತೆ. ದಹಿಸರಿಂದು ಬರ್ತಿದೆ ತಾನೆ?” ಎಂದು ಕೇಳಿದಿರಿ. “ಹ್ಞೂಂ ಅಕ್ಕ,” ಎಂದೆ. “ಹಾಗಾದ್ರೆ ನೀನು ನನಗಿಂತ ಜಾಣೆ ಬಿಡು,” ಎಂದು ನನ್ನ ಕೆನ್ನೆ ತಟ್ಟಿ ಇಳಿದು ಹೋದಿರಿ. ಅಷ್ಟು ಚಿಕ್ಕ ಉತ್ತರ. ನಾನು ಗೊತ್ತಿಲ್ಲದೆ ಹಾಗೆ ಹೇಳಿದೆ, ನೋಡಿರಲೇ ಇಲ್ಲ ಎಂದು ನೀವು ಇವತ್ತಿಗೂ ಅಂದುಕೊಂಡಿರಬೇಕು. ಹಾಗಲ್ಲ ಅಕ್ಕ. ನೋಡಿದ್ದೆ.

ಹನ್ನೊಂದು ವಾರ ಹಾಗೆ ನಡೆಯಿತು. ದಹಿಸರ್ ಕೇಂದ್ರದಲ್ಲಿ ಔಷಧ ಹಂಚುವ ನೀಲಕಂಠಪ್ಪನವರು ಮಗಳ ಮದುವೆಗೆಂದು ಊರಿಗೆ ಹೋದವರು ಕಾಮಾಲೆ ಹಿಡಿದು ಅಲ್ಲೇ ಮಲಗಿದ್ದರು. ಬದಲಿಗೆ ಬಂದಿದ್ದವನು ಬಂದವರಿಗೆ ಔಷಧ ಕೊಟ್ಟು, ಬಾರದವರನ್ನು ಕೇಳಲಿಲ್ಲ. ಮೇ ತಿಂಗಳ ಕೊನೆಗೆ ನೀಲಕಂಠಪ್ಪನವರು ನೇರ ಫೋರ್ಟಿಗೇ ಬಂದರು. ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ. “ಏನ್ರಿ ಮೇಡಂ, ನಮ್ಮ ಮಂದಿ ಒಬ್ಬರೂ ಔಷಧಕ್ಕ ಬರವಲ್ಲರು. ಎಲ್ಲಾರೂ ಆರಾಮಾದ್ರೋ, ಎಲ್ಲಾರೂ ಸತ್ರೋ?” ಎಂದು ಕೇಳಿದರು. ಅವರು ತಮಾಷೆ ಮಾಡಿದ್ದು. ನಾನು ನಕ್ಕೆ ಕೂಡ.

ಮಾರನೆಯ ದಿನ ಹಾಲವ್ವ ಬಂದಳು. ನೀವು ಪರೇಲಿನಲ್ಲಿದ್ದಿರಿ. ನೀಲಕಂಠಪ್ಪನವರೇ ಕಳಿಸಿದ್ದರು. ಮೂವತ್ತೈದರ ಹೆಂಗಸು, ಸೀರೆಯ ಅಂಚಿಗೆಲ್ಲ ಸಿಮೆಂಟು. ಪ್ಲಾಸ್ಟಿಕ್ ಚೀಲದಿಂದ ಏಳು ಕಾರ್ಡು ತೆಗೆದು ನನ್ನ ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದಳು, ಕೆಂಪು ಮುದ್ರೆ ಮೇಲಾಗಿ. ಗಂಡ ಭೀಮರಾಯನಿಗೆ ಬಂದವು. “ನೋಡ್ರಿ ಅಕ್ಕಾರ, ಕಾರ್ಡ ಬಂದಾಗೆಲ್ಲ ಹೋಗೀವಿ. ಒಮ್ಮಿನೂ ತಪ್ಪಿಸಿಲ್ಲ. ಆಮ್ಯಾಲ ಕಾರ್ಡ ನಿಂತ್ವು. ನಿಂತ್ವು ಅಂದ್ರ ಬ್ಯಾನಿ ಹೋತು ಅಂತ ತಿಳಕೊಂಡ್ವಿ. ಹೋಳಿಗಿ ಮಾಡಿ ಓಣಿಗೆಲ್ಲ ಹಂಚೀನ್ರಿ. ಅಂವಾ ಮತ್ತ ಉಸುಕು ಹೊರಾಕ ಹೋದಾ.” ಆಗಲೇ ಅವನು ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಕಾರುತ್ತಿದ್ದ. ಔಷಧವನ್ನು ನಡುವೆ ಬಿಟ್ಟರೆ ಈ ರೋಗ ಮೊದಲಿಗಿಂತ ಗಟ್ಟಿಯಾಗಿ ಬರುತ್ತದೆಂದು ನಮ್ಮ ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿದೆ. ಕನ್ನಡದ್ದು ನಾನೇ ಬರೆದದ್ದು. ಹಾಲವ್ವ ಆ ಗೋಡೆಗೇ ಒರಗಿ ನಿಂತಿದ್ದಳು. “ನಾವ ತಿಳಿಗೇಡಿಗಳು, ಒಮ್ಮಿ ಬಂದು ಕೇಳಬೇಕಿತ್ತು. ನಂದ ತಪ್ಪ್ರಿ,” ಎಂದಳು. ನಾನು ಅವಳಿಗೆ ನೀರು ಕೊಟ್ಟೆ.

ದಹಿಸರಿನ ಪಟ್ಟಿಯಲ್ಲಿದ್ದ ನಲವತ್ಮೂರು ಜನರಲ್ಲಿ ಹೆಚ್ಚಿನವರನ್ನು ನೀಲಕಂಠಪ್ಪನವರು ಮನೆಮನೆಗೆ ಹೋಗಿ ಮತ್ತೆ ಕರೆತಂದರು. ಭೀಮರಾಯ ಜೂನ್ ಇಪ್ಪತ್ತರಂದು ತೀರಿಕೊಂಡ.

ಆಮೇಲೆ ಟ್ರಸ್ಟು ನಡೆಸಿದ ವಿಚಾರಣೆಯ ದಿನ ನಾನು ಗೋಡೆ ಬದಿಯ ಸ್ಟೂಲಿನ ಮೇಲಿದ್ದೆ, ಬರೆದುಕೊಳ್ಳಲು. ಸತ್ಯಮೂರ್ತಿಯವರು ನಿಮ್ಮ ಸಾಲುಗಳಿಗೆ ಕೆಂಪು ಗೆರೆ ಎಳೆದು ಚೇರ್ಮನ್ನರ ಮುಂದಿಟ್ಟರು. ಹೆಸರನ್ನು ತುಂಡು ಮಾಡಿ ಅಡಗಿಸಿಟ್ಟರೆ ಯಾರಿಗೆ ತಿಳಿಯಬೇಕು, ಪಟ್ಟಿ ಸಿಗದಿದ್ದಾಗ ಬಾಯಿ ಬಿಡದ ಪ್ರೋಗ್ರಾಮನ್ನು ಯಾರಾದರೂ ಬರೆಯುತ್ತಾರೆಯೇ ಎಂದು ಕೇಳಿದರು. ಈ ವಿಷಯವನ್ನು ಯಾರಿಗಾದರೂ ತಿಳಿಸಿದ್ದಿರಾ ಎಂದು ಚೇರ್ಮನ್ ನಿಮ್ಮನ್ನು ಕೇಳಿದರು. ನೀವು ನನ್ನ ಕಡೆಗೆ ನೋಡಿದಿರಿ. ಒಂದೇ ಸಲ, ಕೋಪವಿಲ್ಲದೆ, ಕಾಯುವವರ ಹಾಗೆ. ನಾನು ನೋಟ್‌ಬುಕ್ಕಿನ ಮೇಲೆ ಬಗ್ಗಿದೆ. “ಎಲ್ಲೂ ಬರೆದಿಟ್ಟಿರಲಿಲ್ಲ ಸಾರ್. ನನ್ನ ತಪ್ಪೇ,” ಎಂದಿರಿ. ಆ ಮಾತನ್ನೂ ನಾನೇ ಬರೆದುಕೊಂಡೆ. ಮಾರನೆಯ ವಾರ ನೀವು ರಾಜೀನಾಮೆ ಕೊಟ್ಟಿರಿ. ಹೊರಡುವಾಗ, “ಊಟ ಬಿಡಬೇಡ, ಸೊರಗ್ತಿದೀಯ,” ಎಂದಿರಿ. ನನ್ನ ಹೆಸರನ್ನು ಯಾಕೆ ಹೇಳಲಿಲ್ಲ ಅಕ್ಕ? ಹೇಳಿದ್ದರೆ ನಾನು ನಿಮ್ಮನ್ನು ದ್ವೇಷಿಸಿ ಆರಾಮವಾಗಿರುತ್ತಿದ್ದೆ.

ನಾಚಿಕೆಯ ಹುಡುಗಿ, ಮಾತು ಕಡಿಮೆ ಎಂದು ಎಲ್ಲರೂ ನನ್ನನ್ನು ಹೊಗಳುತ್ತಲೇ ಬಂದಿದ್ದಾರೆ. ಹೊಗಳಿಕೆಯ ಮರೆಯಲ್ಲಿ ಎಷ್ಟೊಂದನ್ನು ಬಚ್ಚಿಡಬಹುದೆಂದು ಈ ವರ್ಷ ತಿಳಿಯಿತು. ನನಗೆ ಸಂಬಳ ಹೆಚ್ಚಾಗಿದೆ. ಹೆಸರು ಬದಲಿಸುವ ನನ್ನ ಆ ಪ್ರೋಗ್ರಾಮನ್ನು ಇನ್ನೆರಡು ಸಂಸ್ಥೆಯವರು ಕೇಳಿದ್ದಾರಂತೆ. ಮಾಟುಂಗದಲ್ಲಿ ನಿಮ್ಮ ತಮ್ಮ ನಾಣಿಯವರ ಮನೆಯಲ್ಲಿ ನೀವು ಕೆಲಸವಿಲ್ಲದೆ ಕೂತಿದ್ದೀರಿ ಎಂದು ಗೊತ್ತಿದ್ದೂ, ದಿನಕ್ಕೆರಡು ಸಲ ಲೋಕಲ್ಲಿನಲ್ಲಿ ಆ ಸ್ಟೇಷನ್ ದಾಟುತ್ತೇನೆ. ಒಂದು ಸಲವೂ ಇಳಿಯಲಿಲ್ಲ.

ಸತ್ಯಮೂರ್ತಿಯವರು ಐದೂವರೆಗೆ ಹೊರಟರು. ಅವರ ಕರಡನ್ನು ಮಡಿಸಿ ಅವರ ಮೇಜಿನ ಮೇಲೆಯೇ ಇಟ್ಟು, ನಾನು ಬೇರೆ ಒಂದು ಪುಟ ಟೈಪ್ ಮಾಡಿದೆ. ಚೇರ್ಮನ್ನರಿಗೆ. ನೀವು ಓಡಿಸಬೇಡ ಎಂದಿದ್ದಿರಿ, ನಾನು ಓಡಿಸಿದೆ. ದಹಿಸರಿನ ಕಾರ್ಡು ಬರಲಿಲ್ಲವೆಂಬುದನ್ನು ಮೊದಲ ದಿನವೇ ನೋಡಿದೆ. ನೀವು ಕೇಳಿದಾಗ ಬರುತ್ತಿದೆ ಎಂದು ಸುಳ್ಳು ಹೇಳಿದೆ. ತಾರೀಕು ಹಾಕಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ನಾಳೆ ಹನ್ನೊಂದಕ್ಕೆ ಅವರ ಕೈಗೇ ಕೊಡುತ್ತೇನೆ. ಒಂದು ನಕಲು ಆಸ್ಪತ್ರೆಗೆ ಹೋಗುತ್ತದೆ, ಒಂದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಕೆಲಸ ಹೋಗುತ್ತದೆ, ಹೋಗಲಿ. ನೀವು ಮಾತ್ರ ಈ ಸಲ ನನ್ನನ್ನು ಉಳಿಸಲು ಬರಬೇಡಿ. ಆ ಆಸ್ಪತ್ರೆಯವರು ಕರೆದರೆ ದಯವಿಟ್ಟು ಹೋಗಿ.

ಇನ್ನೊಂದಿದೆ. ನಿಮಗೂ ಚೇರ್ಮನ್ನರಿಗೂ ಬರೆದು ತಿಳಿಸಬಹುದು. ಹಾಲವ್ವನಿಗೆ ಓದಲು ಬರುವುದಿಲ್ಲ. ಅವಳು ಇನ್ನೂ ಅದು ತನ್ನದೇ ತಪ್ಪು ಎಂದುಕೊಂಡಿದ್ದಾಳೆ. ಓಣಿಯಲ್ಲಿ ಎಲ್ಲರೆದುರು ಹಾಗೆಯೇ ಹೇಳಿಕೊಂಡು ಅಳುತ್ತಾಳಂತೆ. ನೀಲಕಂಠಪ್ಪನವರಿಂದ ಮನೆಯ ಗುರುತು ಕೇಳಿ ಇಟ್ಟುಕೊಂಡಿದ್ದೇನೆ. ಭಾನುವಾರ ಅವಳಿಗೆ ಕೆಲಸವಿರುವುದಿಲ್ಲ. ನಾನು ದಹಿಸರಿಗೆ ಹೋಗುತ್ತೇನೆ, ಒಬ್ಬಳೇ. ಅವಳ ಎದುರು ಕೂತು ಬಾಯಿಂದ ಹೇಳುತ್ತೇನೆ.

ನೀವು ನೆಮ್ಮದಿಯಾಗಿರಿ ಅಕ್ಕ. ಹೋದಲ್ಲಿ ನಿಮ್ಮ ಮಾತನ್ನು ಕೇಳುವವರು ಸಿಗಲಿ.

ನಿಮ್ಮ ಮಾತನ್ನು ಕೇಳದ,
ಶಾಮಲಾ